ದುಬೈ ಆಫೀಸ್ ಟ್ರಿಪ್‌ನ ಕೊನೆಯ ದಿನ: ವಿಮಾನದ ಸಮಯಕ್ಕಿಂತ ಮೊದಲು ಬಿಸಿಲು ನೋಡಿ

ಕೆಲಸ ಮುಗಿದಿರುತ್ತದೆ. ವಿಮಾನ ರಾತ್ರಿ ಹತ್ತಕ್ಕೆ. ಹೋಟೆಲ್ ರೂಮನ್ನು ಮಧ್ಯಾಹ್ನ ಹನ್ನೆರಡಕ್ಕೆ ಬಿಡಬೇಕು. ಮನೆಯಿಂದ ಖರ್ಜೂರ, ಕೇಸರಿ, ಅತ್ತರ್ ಅಂತ ಪಟ್ಟಿ ಬಂದಿರುತ್ತದೆ. ಹೊರಗೆ 43 ಡಿಗ್ರಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ದುಬೈಗೆ ಕೆಲಸದ ಮೇಲೆ ಹೋದವರಿಗೆ ಈ ಕೊನೆಯ ದಿನ ಗೊತ್ತು. ವಾರವಿಡೀ ಆಫೀಸು, ಕಾರು, ಹೋಟೆಲು ಅಂತ ಎಸಿಯಲ್ಲೇ ಇದ್ದವರು ಅವತ್ತು ಮೊದಲ ಸಲ ನಿಜವಾದ ಬಿಸಿಲಿಗೆ ಇಳಿಯುತ್ತಾರೆ. ಅದೂ ಸರಿಯಾಗಿ ಉಣ್ಣದೆ, ನಿದ್ದೆ ಇಲ್ಲದೆ, ಅವಸರದಲ್ಲಿ.

ನಾನೂ ಹಾಗೇ ಇಳಿದೆ. ಅದು ನನ್ನ ಮೊದಲ ಪ್ರವಾಸ, ಆಗಸ್ಟ್ ತಿಂಗಳು. ಮಧ್ಯಾಹ್ನ ಎರಡು ಗಂಟೆಗೆ ದುಬೈಯ ಹಳೆ ಪೇಟೆಯಾದ ದೇರಾದ ಗಲ್ಲಿಗಳಲ್ಲಿ ಖರ್ಜೂರ ಹುಡುಕಿಕೊಂಡು ಹೊರಟೆ. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್. ಅರ್ಧ ಗಂಟೆ ಆಗುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಮೀನಖಂಡ ಸೆಳೆಯಿತು. ಕಣ್ಣು ಮಂಜಾಯಿತು. ಮನೆಗೆ ಫೋನಿನಲ್ಲಿ ಮಾತಾಡುತ್ತಲೇ ಒಂದು ಸಣ್ಣ ದಿನಸಿ ಅಂಗಡಿಯ ಬಾಗಿಲು ತಳ್ಳಿ ಒಳಗೆ ಹೋದೆ. ಅಂಗಡಿಯವರು ಕಾಸರಗೋಡಿನ ಕಡೆಯವರು. ನನ್ನ ಕನ್ನಡ ಅವರ ಕಿವಿಗೆ ಬಿದ್ದಿತ್ತು. "ಅಣ್ಣಾ, ಮೊದಲು ಕೂತ್ಕೊಳ್ಳಿ. ಮಾತು ಆಮೇಲೆ" ಅಂದರು. ಫ್ರಿಜ್‌ನಿಂದ ಒಂದು ಬಾಟಲಿ ಲಬನ್ ತೆಗೆದು, ಚಿಟಿಕೆ ಉಪ್ಪು ಹಾಕಿ ಅಲ್ಲಾಡಿಸಿ ಕೊಟ್ಟರು. ಲಬನ್ ಅಂದರೆ ನಮ್ಮ ಮಜ್ಜಿಗೆಯೇ, ಸ್ವಲ್ಪ ಗಟ್ಟಿ. ಮುಕ್ಕಾಲು ಗಂಟೆ ಅಲ್ಲೇ ಕೂರಿಸಿಕೊಂಡರು. ದುಡ್ಡು ಮುಟ್ಟಲಿಲ್ಲ.

ಆಮೇಲೆ ಹಲವು ಸಲ ಹೋಗಿ ಬಂದಿದ್ದೇನೆ. ಈಗ ಕೊನೆಯ ದಿನವನ್ನು ವಿಮಾನದ ಸಮಯ ನೋಡಿ ಹೊಂದಿಸುವುದಿಲ್ಲ, ಬಿಸಿಲು ನೋಡಿ ಹೊಂದಿಸುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಬಿಸಿಲಿನ ಲೆಕ್ಕ

ಯುಎಇಯಲ್ಲಿ ಒಂದು ಕಾನೂನಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12:30ರಿಂದ 3ರವರೆಗೆ, ಯಾರನ್ನೂ ನೇರ ಬಿಸಿಲಿನಲ್ಲಿ ದುಡಿಸಬಾರದು. ವರ್ಷಗಟ್ಟಲೆ ಆ ಬಿಸಿಲಿಗೆ ಒಗ್ಗಿದ ಕಟ್ಟಡ ಕಾರ್ಮಿಕರಿಗೇ ಆ ಹೊತ್ತು ಬೇಡ ಅಂದಿದ್ದಾರೆ. ಎಸಿಯಲ್ಲಿ ಕೂತು ಬಂದ ನಮಗಂತೂ ಬೇಡವೇ ಬೇಡ. ನನ್ನ ಲೆಕ್ಕದಲ್ಲಿ ಬೆಳಗ್ಗೆ 11ರಿಂದ ಸಂಜೆ 5ರವರೆಗೆ ಹೊರಗೆ ನಡೆಯುವ ಕೆಲಸ ಒಂದೂ ಇರಬಾರದು. ಕಾರಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಾರಿಗೆ, ಅಷ್ಟೇ.

ಇನ್ನೊಂದು ಮಾತು ಬೆಂಗಳೂರು, ಮೈಸೂರು ಕಡೆಯವರಿಗೆ. ಸೂರ್ಯ ಮುಳುಗಿದರೆ ತಂಪಾಗುತ್ತದೆ ಅನ್ನುವುದು ನಮ್ಮ ಅಭ್ಯಾಸ. ದುಬೈಯಲ್ಲಿ ಹಾಗಲ್ಲ. ಸಮುದ್ರ ಪಕ್ಕದಲ್ಲೇ ಇದೆ. ರಾತ್ರಿ ಬಿಸಿ ಸ್ವಲ್ಪ ಇಳಿದರೂ ಗಾಳಿಯಲ್ಲಿ ತೇವ ಏರುತ್ತದೆ. ಬೆವರು ಬರುತ್ತದೆ, ಆದರೆ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮಂಗಳೂರು, ಕಾರವಾರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರಿಗೂ ಹೊಸದಾಗಿರುವುದು ಒಂದೇ: ಏಪ್ರಿಲ್‌ನ ಕರಾವಳಿಯ ಸೆಕೆಯ ಮೇಲೆ ಇನ್ನೂ ಹತ್ತು ಡಿಗ್ರಿ ಸೇರಿಸಿದ ಹಾಗೆ ಇರುತ್ತದೆ.

ಹಿಂದಿನ ಸಂಜೆ: ಅರ್ಧ ಕೆಲಸ ಇಲ್ಲೇ ಮುಗಿಯಬೇಕು

ಕೊನೆಯ ದಿನ ಚೆನ್ನಾಗಿ ಹೋಗಬೇಕಾದರೆ ಹಿಂದಿನ ಸಂಜೆ ಎರಡು ಗಂಟೆ ತೆಗೆದಿಡಿ.

ಮೊದಲು ಪಾಸ್‌ಪೋರ್ಟ್, ವೀಸಾ. ರೂಮಿನ ಲಾಕರಿನಲ್ಲಿ ಇಟ್ಟಿದ್ದರೆ ಈಗಲೇ ತೆಗೆದು ಹೆಗಲ ಬ್ಯಾಗಿಗೆ ಹಾಕಿ. ಬೆಳಗ್ಗೆ ಅಂತ ಬಿಟ್ಟರೆ ಮರೆಯುತ್ತದೆ. ವೀಸಾ ಎಷ್ಟು ದಿನದ್ದು ಅಂತ ಬಂದ ದಿನವನ್ನೂ ಸೇರಿಸಿ ಎಣಿಸಿ. ಅಮೆರಿಕದ ವೀಸಾ ಇರುವ ಭಾರತೀಯರು ದುಬೈಗೆ ಬಂದಿಳಿದ ಮೇಲೆ ತೆಗೆದುಕೊಳ್ಳುವ ವೀಸಾ ಸಾಮಾನ್ಯವಾಗಿ 14 ದಿನದ್ದು. ಎರಡು ವಾರದ ಪ್ರಾಜೆಕ್ಟ್ ಒಂದು ದಿನ ಬೆಳೆದರೂ ಅದು ಮೀರಿಬಿಡುತ್ತದೆ. ಅವಧಿ ಮೀರಿದ ಒಂದೊಂದು ದಿನಕ್ಕೂ 50 ದಿರ್ಹಮ್ ದಂಡ. ದುಡ್ಡಿಗಿಂತ ಜಾಸ್ತಿ, ವಿಮಾನ ಹತ್ತುವ ಹೊತ್ತಿನಲ್ಲಿ ಆ ಗಾಬರಿ ಯಾರಿಗೂ ಬೇಡ.

ಆಮೇಲೆ ಟಿಕೆಟ್ ತೆಗೆದು ಟರ್ಮಿನಲ್ ಸಂಖ್ಯೆ ನೋಡಿ. ದುಬೈ ವಿಮಾನ ನಿಲ್ದಾಣದಲ್ಲಿ ಮೂರು ಟರ್ಮಿನಲ್ ಇವೆ. 1 ಮತ್ತು 3ಕ್ಕೆ ಮೆಟ್ರೋದ ರೆಡ್ ಲೈನ್ ನೇರ ಹೋಗುತ್ತದೆ. 2ಕ್ಕೆ ಮೆಟ್ರೋ ಇಲ್ಲ, ಅದು ರನ್‌ವೇಯ ಆಚೆ ಬದಿ ಇದೆ. ತಪ್ಪಾಗಿ 3ಕ್ಕೆ ಹೋಗಿ ಇಳಿದರೆ ಮತ್ತೆ ಟ್ಯಾಕ್ಸಿ ಹಿಡಿದು ಸುತ್ತಿ ಬರಬೇಕು. ಬಂದ ಟರ್ಮಿನಲ್‌ನಿಂದಲೇ ಹೋಗುತ್ತೇವೆ ಅಂದುಕೊಳ್ಳಬೇಡಿ.

ಇನ್ನು ಲಗೇಜ್. ಪವರ್ ಬ್ಯಾಂಕ್ ಯಾವಾಗಲೂ ಕೈಚೀಲದಲ್ಲಿ ಇರಬೇಕು, ಚೆಕ್-ಇನ್ ಸೂಟ್‌ಕೇಸಿಗೆ ಹಾಕುವ ಹಾಗಿಲ್ಲ. ಎಮಿರೇಟ್ಸ್ ವಿಮಾನದಲ್ಲಿ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್, ಅದೂ 100 ವ್ಯಾಟ್ ಅವರ್ ಒಳಗಿನದು. ಅದನ್ನು ವಿಮಾನದೊಳಗೆ ಬಳಸುವ ಹಾಗೂ ಇಲ್ಲ. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್ ಪವರ್ ಬ್ಯಾಂಕ್ 74 ವ್ಯಾಟ್ ಅವರ್ ಆಗುತ್ತದೆ, ಚಿಂತೆ ಇಲ್ಲ. ಸಂಖ್ಯೆ ಅಳಿಸಿ ಹೋದ ಹಳೆಯ ಪವರ್ ಬ್ಯಾಂಕ್ ಇದ್ದರೆ ಮಾತ್ರ ತಡೆಯುತ್ತಾರೆ.

ಕೈಚೀಲಕ್ಕೆ ಒಂದು ಜೊತೆ ಒಗೆದ ಬಟ್ಟೆ, ಒಂದು ಸಣ್ಣ ಟವೆಲ್, ಸೋಪು ಹಾಕಿ. ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಯಾಕೆ ಅಂತ ಸಂಜೆಯ ಭಾಗದಲ್ಲಿ ಹೇಳುತ್ತೇನೆ.

ಚಾರ್ಜರ್ ಪ್ಲಗ್ಗಿನ ಅಡಾಪ್ಟರ್ ಗೋಡೆಯಲ್ಲೇ ಉಳಿಯುತ್ತದೆ. ಅಲ್ಲಿಯದು ಚೌಕ ಮೂರು ಪಿನ್ನಿನ ಬ್ರಿಟಿಷ್ ಸಾಕೆಟ್. ಮಲಗುವ ಮುಂಚೆ ಫೋನನ್ನು ಅಡಾಪ್ಟರ್ ಪಕ್ಕದಲ್ಲೇ ಚಾರ್ಜ್‌ಗೆ ಇಡಿ. ಬೆಳಗ್ಗೆ ಎರಡನ್ನೂ ಒಟ್ಟಿಗೆ ತೆಗೆಯುತ್ತೀರಿ.

ಬಿಲ್ಲುಗಳು. ಟ್ಯಾಕ್ಸಿ, ಊಟದ ರಶೀದಿಗಳು ಶಾಖಕ್ಕೆ ಅಚ್ಚಾಗುವ ಕಾಗದದ ಮೇಲೆ ಬರುತ್ತವೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಒಂದು ಮಧ್ಯಾಹ್ನ ಬಿಟ್ಟರೆ ಪೂರ್ತಿ ಕಪ್ಪಾಗಿ ಅಕ್ಷರವೇ ಕಾಣುವುದಿಲ್ಲ. ಹೀಗೆ ಒಂದು ವಾರದ ಊಟದ ಖರ್ಚು ನನಗೆ ಆಫೀಸಿನಿಂದ ವಾಪಸ್ ಬರಲಿಲ್ಲ. ಅಂದಂದಿನ ರಶೀದಿಯ ಫೋಟೋ ಅಂದೇ ತೆಗೆದಿಡಿ. ಆಗಿಲ್ಲವಾದರೆ ಈ ಸಂಜೆ ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿ ತೆಗೆಯಿರಿ.

ಆಫೀಸಿನ ಬಾಕಿ: ಗುರುವಾರದೊಳಗೆ ಸಹಿ

2022ರ ಜನವರಿಯಿಂದ ಯುಎಇಯಲ್ಲಿ ವಾರದ ರಜೆ ಶನಿವಾರ, ಭಾನುವಾರ. ಸರ್ಕಾರಿ ಕಚೇರಿಗಳಲ್ಲಿ ಶುಕ್ರವಾರ ಅರ್ಧ ದಿನ. ಖಾಸಗಿ ಆಫೀಸುಗಳೂ ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತಿಗೆ ಸಡಿಲವಾಗುತ್ತವೆ. ನಿಮ್ಮ ಕೊನೆಯ ದಿನ ಶುಕ್ರವಾರವಾದರೆ, ಕೆಲಸ ಮುಗಿದ ಬಗ್ಗೆ ಗ್ರಾಹಕರಿಂದ ಆಗಬೇಕಾದ ಸಹಿ, ಸೀಲು ಗುರುವಾರವೇ ಆಗಲಿ. "ನಾಳೆ ಬೆಳಗ್ಗೆ ಮಾಡೋಣ" ಅಂದರೆ ನಗುತ್ತಲೇ ಇವತ್ತೇ ಆಗಲಿ ಅಂತ ಕೇಳಿ. ತಪ್ಪು ತಿಳಿಯುವುದಿಲ್ಲ.

ಹೊರಡುವ ಮುಂಚೆ ಪ್ರವೇಶದ ಕಾರ್ಡ್ ಹಿಂತಿರುಗಿಸಿ. ಸಾಹೇಬರ ಕೈ ಕುಲುಕಿದ ಮೇಲೆ, ವಾರವಿಡೀ ಚಹಾ ಕೊಟ್ಟ ಹುಡುಗನನ್ನು, ಕೆಳಗೆ ಬಾಗಿಲಲ್ಲಿ ನಿಂತ ಕಾವಲುಗಾರರನ್ನು, ಕರೆದುಕೊಂಡು ಓಡಾಡಿದ ಡ್ರೈವರ್‌ರನ್ನು ಕಂಡು ಮಾತಾಡಿಸಿ ಹೋಗಿ. ಅವರಲ್ಲಿ ಹೆಚ್ಚಿನವರು ಕೇರಳ, ನೇಪಾಳ, ಪಾಕಿಸ್ತಾನ, ಬಾಂಗ್ಲಾದೇಶದಿಂದ ಬಂದವರು. ಊರಿಗೆ ಹೋಗಿ ವರ್ಷ, ಎರಡು ವರ್ಷ ಆದವರೂ ಇರುತ್ತಾರೆ. ನಾವು ಒಂದೇ ವಾರಕ್ಕೆ ಊರಿನ ನೆನಪು ಅಂತ ಕೊರಗುತ್ತೇವೆ. ಕೈಯಲ್ಲಿ ಉಳಿದ ಸಣ್ಣ ನೋಟುಗಳನ್ನು ಅವರಿಗೆ ಕೊಟ್ಟರೆ ಒಳ್ಳೆಯದು.

ಬೆಳಗ್ಗೆ 6ರಿಂದ 8: ನೋಡಬೇಕಾದದ್ದನ್ನು ಈಗ ನೋಡಿ

ಜುಲೈನಲ್ಲಿ ಬೆಳಗ್ಗೆ ಐದೂವರೆ ಸುಮಾರಿಗೇ ಬೆಳಕಾಗುತ್ತದೆ. ಮೈಯಲ್ಲಿ ನಮ್ಮ ಸಮಯವೇ ಓಡುತ್ತಿರುತ್ತದೆ. ದುಬೈ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಐದೂವರೆ ಅಂದರೆ ನಮಗೆ ಏಳು, ತಾನಾಗಿಯೇ ಎಚ್ಚರವಾಗುತ್ತದೆ. ಅದನ್ನೇ ಬಳಸಿಕೊಳ್ಳಿ.

ನನ್ನ ಆಯ್ಕೆ ಯಾವಾಗಲೂ ಬರ್ ದುಬೈ ಕಡೆಯ ಹಳೆ ಊರು. ಗಾಜಿನ ಎತ್ತರದ ಕಟ್ಟಡಗಳನ್ನು ವಾರವಿಡೀ ಕಾರಿನ ಕಿಟಕಿಯಿಂದ ನೋಡಿರುತ್ತೀರಿ. ಅಲ್ ಫಹೀದಿ ಬೀದಿಗಳಲ್ಲಿ ಬೆಳಗಿನ ಹೊತ್ತು ಜನವೇ ಇರುವುದಿಲ್ಲ. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಹವಳದ ಕಲ್ಲು, ಗಚ್ಚು ಬಳಸಿ ಕಟ್ಟಿದ ಮನೆಗಳು. ಮಾಳಿಗೆಯ ಮೇಲೆ ಚೌಕಾಕಾರದ ಗೋಪುರ ಕಾಣುತ್ತದೆ, ಅದಕ್ಕೆ ಬರ್ಜೀಲ್ ಅಂತಾರೆ. ನಾಲ್ಕೂ ಕಡೆಯಿಂದ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಕರೆಂಟ್ ಇಲ್ಲದ ಕಾಲದಲ್ಲಿ ಇದೇ ಅವರ ಎಸಿ. ಗಲ್ಲಿಗಳು ಅಷ್ಟು ಕಿರಿದಾಗಿರುವುದೂ ಎರಡೂ ಬದಿಯ ಗೋಡೆ ಒಂದಕ್ಕೊಂದು ನೆರಳು ಕೊಡಲಿ ಅಂತ. ಮಧ್ಯಾಹ್ನ ಇದನ್ನು ಓದಿದರೆ ಬರೀ ಮಾಹಿತಿ. ಬೆಳಗ್ಗೆ ಆ ನೆರಳಿನಲ್ಲಿ ನಿಂತರೆ ಮೈಗೇ ಅರ್ಥವಾಗುತ್ತದೆ. ಪಕ್ಕದ ಅಲ್ ಫಹೀದಿ ಕೋಟೆ 1787ರದು. ದುಬೈಯಲ್ಲಿ ಉಳಿದಿರುವ ಕಟ್ಟಡಗಳಲ್ಲಿ ಅದೇ ಹಳೆಯದು.

ಅಲ್ಲಿಂದ ನೀರಿನ ಕಡೆ ನಡೆದರೆ ಅಬ್ರಾ ಕಟ್ಟೆ. ಅಬ್ರಾ ಅಂದರೆ ಮರದ ದೋಣಿ. ಒಂದು ದಿರ್ಹಮ್ ಕೊಟ್ಟರೆ ಕ್ರೀಕ್, ಅಂದರೆ ಊರೊಳಗೆ ಚಾಚಿಕೊಂಡ ಸಮುದ್ರದ ಹಿನ್ನೀರು, ದಾಟಿಸಿ ದೇರಾಗೆ ಬಿಡುತ್ತಾರೆ. ಐದಾರು ನಿಮಿಷದ ಪ್ರಯಾಣ. ನಮ್ಮ ಕಡೆ ನದಿ ದಾಟಿಸುವ ದೋಣಿಗಳ ನೆನಪಾಗುತ್ತದೆ. ಒಂದು ದಿರ್ಹಮ್ ನಾಣ್ಯಗಳನ್ನು ಇದಕ್ಕಾಗಿಯೇ ಉಳಿಸಿಕೊಳ್ಳಿ. ಹೋಗಿ ಬಂದು, ಒಂದು ಕರಕ್ (ಹಾಲು ಹಾಕಿದ ಕಡಕ್) ಚಹಾ ಕುಡಿದು, ಎಂಟೂವರೆಗೆ ಹೋಟೆಲಿಗೆ ಮರಳಿ.

ಕನ್ನಡಕ ಹಾಕುವವರಿಗೆ ಒಂದು ಎಚ್ಚರಿಕೆ. ಎಸಿಯಿಂದ ಹೊರಗೆ ಬಂದ ಕೂಡಲೇ ಗಾಜು ಪೂರ್ತಿ ಮಂಜಾಗುತ್ತದೆ. ಫೋನಿನ ಕ್ಯಾಮೆರಾಕ್ಕೂ ಹಾಗೇ. ಎರಡು ನಿಮಿಷ ಬಾಗಿಲ ಹತ್ತಿರವೇ ನಿಲ್ಲಿ. ಕಣ್ಣು ಕಾಣದೆ ರಸ್ತೆಗೆ ಇಳಿಯಬೇಡಿ.

ಚೆಕ್‌ಔಟ್: ಮೂರು ಪ್ರಶ್ನೆ ಕೇಳಿ

ಬೆಳಗ್ಗೆ ಕೌಂಟರಿಗೆ ಹೋಗಿ ಮೂರು ವಿಷಯ ಕೇಳಿ. ರೂಮನ್ನು ಎರಡು ಗಂಟೆಯವರೆಗೆ ಇಟ್ಟುಕೊಳ್ಳಬಹುದಾ? ಬ್ಯಾಗುಗಳನ್ನು ಸಂಜೆಯವರೆಗೆ ಇಟ್ಟುಕೊಳ್ಳುತ್ತೀರಾ? ಹೊರಡುವ ಮುಂಚೆ ಜಿಮ್ ಅಥವಾ ಈಜುಕೊಳದ ಪಕ್ಕದ ಬಚ್ಚಲಲ್ಲಿ ಸ್ನಾನ ಮಾಡಬಹುದಾ? ಬೇಸಿಗೆಯಲ್ಲಿ ದುಬೈ ಹೋಟೆಲುಗಳಲ್ಲಿ ಪ್ರವಾಸಿಗರು ಕಡಿಮೆ. ರೂಮ್ ಖಾಲಿ ಇದ್ದರೆ ಮೊದಲನೆಯದಕ್ಕೂ ಒಪ್ಪುತ್ತಾರೆ. ಬ್ಯಾಗ್ ಇಡುವುದಕ್ಕೆ ಬೇಡ ಅಂದವರನ್ನು ನಾನು ಕಂಡಿಲ್ಲ. ಸ್ನಾನದ ಪ್ರಶ್ನೆ ಕೇಳಲು ಹೆಚ್ಚಿನವರು ಸಂಕೋಚಪಡುತ್ತಾರೆ. ಸುಮ್ನೆ ಕೇಳಿಬಿಡಿ.

ಸ್ನಾನ ಅಂದಾಗ ನೆನಪಾಯಿತು. ಹಳೆ ಕಟ್ಟಡಗಳ ಹೋಟೆಲ್ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ಟ್ಯಾಂಕ್ ಮಾಳಿಗೆಯ ಮೇಲಿರುತ್ತದೆ. ಬೇಸಿಗೆ ಮಧ್ಯಾಹ್ನ ತಣ್ಣೀರಿನ ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತದೆ. ಅಲ್ಲಿ ಬಹಳ ವರ್ಷದಿಂದ ಇರುವವರ ಉಪಾಯ ಕೇಳಿ: ಬೇಸಿಗೆ ಬಂದ ಕೂಡಲೇ ಗೀಸರ್ ಆಫ್ ಮಾಡುತ್ತಾರೆ. ಗೀಸರ್ ಇರುವುದು ಮನೆಯೊಳಗೆ, ಎಸಿಯಲ್ಲಿ. ಹಾಗಾಗಿ ಅದರೊಳಗಿನ ನೀರೇ ತಣ್ಣಗಿರುತ್ತದೆ. ಬಿಸಿನೀರಿನ ನಲ್ಲಿಯಿಂದ ತಣ್ಣೀರು ಹಿಡಿಯುತ್ತಾರೆ.

ಬಿಲ್ ಕೈಗೆ ಬಂದಾಗ ಟೂರಿಸಂ ದಿರ್ಹಮ್ ಅಂತ ಒಂದು ಸಾಲು ಕಾಣುತ್ತದೆ. ಹೋಟೆಲಿನ ದರ್ಜೆ ನೋಡಿ ಒಂದು ರೂಮಿಗೆ ಒಂದು ರಾತ್ರಿಗೆ 7ರಿಂದ 20 ದಿರ್ಹಮ್. ಆಫೀಸು ರೂಮಿನ ಬಾಡಿಗೆ ಕಟ್ಟಿದ್ದರೂ ಇದನ್ನು ನಿಮ್ಮಿಂದಲೇ ಕೇಳಬಹುದು, ಅದು ಮೋಸ ಅಲ್ಲ. ಬಿಲ್ಲಿನಲ್ಲಿ ಕಂಪನಿಯ ಹೆಸರು, ಹೋಟೆಲಿನ ತೆರಿಗೆ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಂದ ದಿನ ಕಾರ್ಡಿನ ಮೇಲೆ ಹಿಡಿದಿಟ್ಟ ಠೇವಣಿಯನ್ನು ಬಿಡಿಸಿ ಅಂತ ಹೇಳಿ, ಬಿಡಿಸಿದ ಚೀಟಿ ಕೇಳಿ ಪಡೆಯಿರಿ.

ಮಧ್ಯಾಹ್ನ: ಒಳಗೇ ಇರಿ

ಕರಾಮಾದಲ್ಲಿ ಅಥವಾ ಮೀನಾ ಬಜಾರ್ ಕಡೆ ದಕ್ಷಿಣ ಭಾರತದ ಊಟ ಎಲ್ಲಿ ಬೇಕಾದರೂ ಸಿಗುತ್ತದೆ. ಅನ್ನ, ಸಾರು, ಮಜ್ಜಿಗೆ ಉಣ್ಣಿ. ಎಣ್ಣೆ, ಮಾಂಸದ ದೊಡ್ಡ ಊಟ ಇವತ್ತು ಬೇಡ. ಊಟದ ನಂತರ ಮಾಲ್ ಒಳಗೆ ಕಾಲ ಕಳೆಯಬಹುದು. ನನಗೆ ಅದಕ್ಕಿಂತ ಇಷ್ಟವಾದದ್ದು ಕ್ರೀಕ್ ಪಕ್ಕದ ಅಲ್ ಶಿಂದಘಾ ಮ್ಯೂಸಿಯಂ. ಅದರಲ್ಲಿ ಸುಗಂಧಕ್ಕೇ ಒಂದು ಮನೆ ಇದೆ. ಊದ್, ಗುಲಾಬಿ, ಕಸ್ತೂರಿ ಯಾವುದು ಹೇಗೆ ಅಂತ ಮೂಸಿ ನೋಡಿ ಬಂದರೆ, ಸಂಜೆ ಅತ್ತರ್ ಕೊಳ್ಳುವಾಗ ಯಾವುದು ಬೇಕು ಅಂತ ಗೊತ್ತಿರುತ್ತದೆ.

ಬಾಯಾರಿಕೆ ಆಗುವವರೆಗೆ ಕಾಯಬೇಡಿ. ಎಸಿಯಲ್ಲಿ ಬಾಯಾರಿಕೆಯೇ ತಿಳಿಯುವುದಿಲ್ಲ. ಗಂಟೆಗೊಂದು ಸಣ್ಣ ಬಾಟಲಿ ನೀರು, ನಡುವೆ ಒಮ್ಮೆ ಲಬನ್ ಇಲ್ಲವೇ ಓಆರ್‌ಎಸ್. ಬರೀ ನೀರು ಕುಡಿದರೆ ಸಾಲದು, ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರಬೇಕು. ಮೂತ್ರದ ಬಣ್ಣ ಗಾಢ ಹಳದಿ ಇದ್ದರೆ ನೀರು ಸಾಕಾಗಿಲ್ಲ ಅಂತ ಅರ್ಥ. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಬಂದರೆ ಕೂಡಲೇ ಒಳಗೆ ಹೋಗಿ ಕೂರಿ. ಯಾರಾದರೂ ಮಾತು ತೊದಲಿದರೆ, ಗೊಂದಲಕ್ಕೆ ಬಿದ್ದರೆ, ಮೈ ಕೆಂಡವಾದರೆ ಅದು ಬಿಸಿಲಾಘಾತ. ಮೈಗೆ ತಣ್ಣೀರು ಹಾಕುತ್ತಾ 998ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ. ಪೊಲೀಸರಿಗೆ 999. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಕೆಲವು ಮಾತ್ರೆಗಳು ಮೈಯ ನೀರನ್ನು ಬೇಗ ಹೊರಹಾಕುತ್ತವೆ.

ಸಂಜೆ 5ರಿಂದ: ಕೊಳ್ಳುವುದು

ಹಳೆ ಪೇಟೆಯ ಹಲವು ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿ ನಾಲ್ಕರ ಮೇಲೆ ತೆರೆಯುತ್ತವೆ. ಶುಕ್ರವಾರ ಅಂತೂ ಪ್ರಾರ್ಥನೆ ಮುಗಿದ ಮೇಲೆಯೇ. ರಾತ್ರಿ ಹತ್ತರ ವಿಮಾನವಾದರೆ ಏಳಕ್ಕೆ ವಿಮಾನ ನಿಲ್ದಾಣದಲ್ಲಿ ಇರಬೇಕು. ಅಂದರೆ ನಿಮಗೆ ಸಿಗುವುದು ಒಂದೇ ಒಂದು ಗಂಟೆ. ಅದಕ್ಕೇ ಪಟ್ಟಿ ಚಿಕ್ಕದಿರಲಿ. ಇಲ್ಲವಾದರೆ ಖರೀದಿಯನ್ನೂ ಹಿಂದಿನ ರಾತ್ರಿಯೇ ಮುಗಿಸಿಬಿಡಿ.

ಖರ್ಜೂರ. ಮೆಡ್ಜೂಲ್ ದಪ್ಪ, ತಿರುಳು ಜಾಸ್ತಿ. ಖಲಾಸ್ ಮೃದು, ಬೆಲ್ಲದ ರುಚಿ. ಅಜ್ವಾ ಕಪ್ಪು, ಸಿಹಿ ಸ್ವಲ್ಪ ಕಡಿಮೆ. ಮನೆಯಲ್ಲಿ ಹಿರಿಯರಿದ್ದರೆ ಖಲಾಸ್ ಕೊಳ್ಳಿ, ಅಗಿಯಲು ಸುಲಭ. ಬೇಸಿಗೆಯಲ್ಲಿ ಹೊಸ ಬೆಳೆ ಬರುತ್ತದೆ. ಅರ್ಧ ಹಣ್ಣಾದ, ಮೆತ್ತನೆಯ ಹಣ್ಣಿಗೆ ರುತಬ್ ಅಂತಾರೆ. ದೇರಾದ ವಾಟರ್‌ಫ್ರಂಟ್ ಮಾರ್ಕೆಟ್‌ನಲ್ಲಿ ರಾಶಿ ಹಾಕಿರುತ್ತಾರೆ. ಅದನ್ನು ಅಲ್ಲೇ ತಿಂದು ಬನ್ನಿ. ಫ್ರಿಜ್ ಇಲ್ಲದೆ ಹುಳಿಯುತ್ತದೆ, ಊರು ತಲುಪುವಷ್ಟರಲ್ಲಿ ಸೂಟ್‌ಕೇಸ್ ಅಂಟಂಟಾಗಿರುತ್ತದೆ. ಊರಿಗೆ ತರುವುದು ಒಣಗಿದ್ದೇ ಇರಲಿ.

ಮಸಾಲೆ ಪೇಟೆಯಲ್ಲಿ ಕೇಸರಿ ಗ್ರಾಂ ಲೆಕ್ಕದಲ್ಲಿ ಕೊಳ್ಳಿ. ಎಸಳು ಪೂರ್ತಿ ಕೆಂಪಾಗಿರಲಿ. ಒಂದೆಸಳು ಬಿಸಿನೀರಿಗೆ ಹಾಕಿದರೆ ನಿಜವಾದ ಕೇಸರಿ ನಿಧಾನವಾಗಿ ಹಳದಿ ಬಿಡುತ್ತದೆ, ಎಸಳು ಕೆಂಪಾಗೇ ಉಳಿಯುತ್ತದೆ. ಬಣ್ಣ ಕಟ್ಟಿದ್ದಾದರೆ ಕೂಡಲೇ ಕೆಂಪು ಬಿಡುತ್ತದೆ. ಏಲಕ್ಕಿ ಮಾತ್ರ ಕೊಳ್ಳಬೇಡಿ. ಅರಬ್ ಕಾಫಿಗೆ ಏಲಕ್ಕಿ ಬೇಕೇ ಬೇಕು, ಹಾಗಾಗಿ ಎಲ್ಲ ಅಂಗಡಿಯಲ್ಲೂ ಇರುತ್ತದೆ. ಕೊಲ್ಲಿ ದೇಶಗಳಿಗೆ ಬರುವ ಏಲಕ್ಕಿಯಲ್ಲಿ ದೊಡ್ಡ ಪಾಲು ಗ್ವಾಟೆಮಾಲಾದ್ದು. ಕೊಡಗು, ಸಕಲೇಶಪುರದ ಏಲಕ್ಕಿ ಮನೆಯ ಪಕ್ಕ ಇರುವಾಗ ಅಲ್ಲಿಂದ ಯಾಕೆ ಹೊತ್ತು ತರಬೇಕು?

ಚಿನ್ನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದುಬೈ ಚಿನ್ನ ಅಗ್ಗ ಅನ್ನುವ ಮಾತು ನಮ್ಮ ಮನೆಗಳಲ್ಲಿ ಬೇರು ಬಿಟ್ಟಿದೆ. ಅಂಗಡಿಯ ದರದ ಹಲಗೆ ನೋಡಿದರೆ ಗ್ರಾಮಿಗೆ ಕಡಿಮೆ ಕಾಣುವುದು ನಿಜ. ಆದರೆ ಅದರ ಮೇಲೆ ಮಜೂರಿ, 5% ವ್ಯಾಟ್ ಸೇರುತ್ತದೆ. ಮಜೂರಿಯಲ್ಲಿ ಚೌಕಾಸಿ ಮಾಡಬಹುದು, ಹಲಗೆಯ ದರದಲ್ಲಿ ಆಗುವುದಿಲ್ಲ. ನಿಜವಾದ ತೊಡಕು ನಮ್ಮ ಕಸ್ಟಮ್ಸ್‌ನಲ್ಲಿ. ಆಭರಣಕ್ಕೆಂದೇ ಇರುವ ಪ್ರತ್ಯೇಕ ಸುಂಕ ವಿನಾಯಿತಿ ವಿದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದು ಬರುವವರಿಗೆ ಮಾತ್ರ. ವಾರದ ಆಫೀಸ್ ಟ್ರಿಪ್‌ನವರಿಗೆ ಅದು ಇಲ್ಲ. ಚಿನ್ನದ ಬಿಸ್ಕತ್ತು, ನಾಣ್ಯವನ್ನಂತೂ ಸುಂಕ ಕಟ್ಟದೆ ಒಂದು ಗ್ರಾಂ ಕೂಡ ತರುವ ಹಾಗಿಲ್ಲ. ಆ ಸುಂಕವೂ ಸೇರಿದರೆ ಉಳಿಯುವುದು ಏನೂ ಇಲ್ಲ. ತಂದೇ ತರುತ್ತೇನೆ ಅನ್ನುವವರು ಬಿಲ್ ಇಟ್ಟುಕೊಂಡು, ಸುಂಕದ ಸಾಮಾನು ಇರುವವರು ಹೋಗುವ ಕೆಂಪು ದಾರಿಯಲ್ಲಿ ಹೋಗಿ ಹೇಳಿಕೊಳ್ಳಿ. ಮನೆಯಿಂದ ಹಾಕಿಕೊಂಡು ಹೋಗುವ ದಪ್ಪ ಬಳೆ, ಸರ ಇದ್ದರೆ, ಭಾರತ ಬಿಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಿರಿ. ಬರುವಾಗ ಅದು ಹೊಸದಲ್ಲ ಅಂತ ಸಾಬೀತು ಮಾಡಲು ಅದು ನೆರವಾಗುತ್ತದೆ.

ವ್ಯಾಟ್ ವಾಪಸ್ ಪಡೆಯುವ ಸೌಲಭ್ಯ ಇದೆ. ಯೋಜನೆಯಲ್ಲಿರುವ ಅಂಗಡಿಯಲ್ಲಿ ಕನಿಷ್ಠ 250 ದಿರ್ಹಮ್ ಖರೀದಿ ಮಾಡಿರಬೇಕು. ಬಿಲ್ ಮಾಡುವಾಗಲೇ ಪಾಸ್‌ಪೋರ್ಟ್ ತೋರಿಸಿ "ಟ್ಯಾಕ್ಸ್ ಫ್ರೀ" ಅಂತ ಹೇಳಬೇಕು. ಕಟ್ಟಿದ ವ್ಯಾಟ್‌ನಲ್ಲಿ 87% ವಾಪಸ್ ಬರುತ್ತದೆ, ಅದರಲ್ಲಿ ಒಂದೊಂದು ಬಿಲ್ಲಿಗೂ 4.80 ದಿರ್ಹಮ್ ಕಳೆಯುತ್ತಾರೆ. 300 ದಿರ್ಹಮ್ ಖರೀದಿಗೆ ಕೈಗೆ ಬರುವುದು ಏಳೆಂಟು ದಿರ್ಹಮ್. ಇಷ್ಟಕ್ಕೆ ಸಾಲಿನಲ್ಲಿ ನಿಲ್ಲುವುದು ಬೇಡ. ಲ್ಯಾಪ್‌ಟಾಪ್, ಫೋನ್ ಕೊಂಡಿದ್ದರೆ ಮಾತ್ರ ನಿಲ್ಲಿ.

ಯಾರದೋ ಪಾರ್ಸೆಲ್

ಕರಾವಳಿಯವರಿಗೆ ಇದು ಗ್ಯಾರಂಟಿ ಎದುರಾಗುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿದ್ದಾರೆ. ನೀವು ಹೊರಡುವ ಸುದ್ದಿ ತಿಳಿದರೆ ಪರಿಚಯದವರು, ಪರಿಚಯದವರ ಪರಿಚಯದವರು ಹೋಟೆಲಿಗೇ ಬರುತ್ತಾರೆ. "ಅಮ್ಮನಿಗೆ ಸ್ವಲ್ಪ ಸಾಮಾನು, ಎರಡೇ ಕಿಲೋ." ಹಾಲಿನ ಪುಡಿ, ಬಾದಾಮಿ, ನೋವಿನ ಎಣ್ಣೆ, ಮಗುವಿಗೆ ಒಂದು ಆಟಿಕೆ. ಎರಡು ವರ್ಷ ಮಗುವನ್ನು ಫೋನಿನಲ್ಲೇ ನೋಡುತ್ತಿರುವ ಅಪ್ಪನಿಗೆ ಆಗಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ತರುತ್ತೇನೆ. ಆದರೆ ಹೀಗೆ.

ಮುಚ್ಚಿದ ಪ್ಯಾಕೆಟ್ ತೆಗೆದುಕೊಳ್ಳುವುದಿಲ್ಲ. ಅವರ ಎದುರಿಗೇ ಎಲ್ಲವನ್ನೂ ಬಿಚ್ಚಿ, ನೋಡಿ, ನನ್ನ ಕೈಯಿಂದ ಸೂಟ್‌ಕೇಸಿಗೆ ಹಾಕುತ್ತೇನೆ. ಚಿನ್ನ, ಮಾತ್ರೆ, ಎಲೆಕ್ಟ್ರಾನಿಕ್ ಸಾಮಾನು, ಹೊಲಿಗೆ ಹಾಕಿದ ದಿಂಬು ಬೇಡ. ನೇರವಾಗಿ ಪರಿಚಯ ಇಲ್ಲದವರದ್ದು ಎಷ್ಟೇ ಸಣ್ಣದಿದ್ದರೂ ಬೇಡ. ವಿಮಾನ ನಿಲ್ದಾಣದೊಳಗೆ ಯಾರಾದರೂ "ಇದೊಂದು ಹಿಡ್ಕೊಳ್ಳಿ" ಅಂದರೆ ಒಪ್ಪಲೇಬೇಡಿ. ನಿಮ್ಮ ಬ್ಯಾಗಿನಲ್ಲಿ ಸಿಕ್ಕಿದ್ದು ನಿಮ್ಮದೇ ಅಂತ ಎರಡೂ ದೇಶದ ಅಧಿಕಾರಿಗಳು ನೋಡುತ್ತಾರೆ. ಕೊಟ್ಟವರು ಯಾರು ಅಂತ ಹೇಳಿ ಪಾರಾಗಲು ಆಗುವುದಿಲ್ಲ. ಇದನ್ನು ವಿನಯದಿಂದ ಹೇಳಿದರೆ ಒಳ್ಳೆಯವರು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರೇ ಪ್ಯಾಕೆಟ್ ಬಿಚ್ಚಿ ತೋರಿಸುತ್ತಾರೆ.

ಬಟ್ಟೆ ಬದಲಿಸಿ, ಆಮೇಲೆ ಹೊರಡಿ

ಪೇಟೆಯಿಂದ ಹೋಟೆಲಿಗೆ ಮರಳುವಾಗ ಅಂಗಿ ಬೆನ್ನಿಗೆ ಅಂಟಿರುತ್ತದೆ. ಹಾಗೇ ವಿಮಾನ ಹತ್ತಿದರೆ ನಾಲ್ಕು ಗಂಟೆ ಎಸಿಯ ತಣ್ಣನೆ ಗಾಳಿ ಆ ಒದ್ದೆ ಬಟ್ಟೆಯ ಮೇಲೆ ಬೀಸುತ್ತದೆ. ಮೈಕೈ ಎಲ್ಲ ಹಿಡಿದುಕೊಳ್ಳುತ್ತದೆ. ಬೆಳಗ್ಗೆ ಕೇಳಿಟ್ಟ ಬಚ್ಚಲು ಈಗ ನೆರವಿಗೆ ಬರುತ್ತದೆ. ಸ್ನಾನ ಮಾಡಿ, ಒಣ ಬಟ್ಟೆ ಹಾಕಿ, ಒದ್ದೆಯದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೂಟ್‌ಕೇಸಿಗೆ ಹಾಕಿ. ಬಚ್ಚಲು ಸಿಗದಿದ್ದರೆ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಮೈ ಒರೆಸಿಕೊಂಡು ಬಟ್ಟೆ ಬದಲಿಸಿ.

ಸಂಜೆ ಶೇಖ್ ಝಾಯೆದ್ ರಸ್ತೆ ತುಂಬಿ ತುಳುಕುತ್ತದೆ. ಮರೀನಾ ಕಡೆಯಿಂದ ಬರುವವರು ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಟ್ಯಾಕ್ಸಿ ಮೀಟರಿನ ಮೇಲೆ ಸಾಲಿಕ್ ಅಂತ ಟೋಲ್ ಸೇರುತ್ತದೆ. ಮೆಟ್ರೋಗೆ ಟ್ರಾಫಿಕ್ ಇಲ್ಲ, ಆದರೆ ಒಬ್ಬರಿಗೆ ಒಂದು ದೊಡ್ಡ, ಒಂದು ಸಣ್ಣ ಪೆಟ್ಟಿಗೆಗೆ ಮಾತ್ರ ಅವಕಾಶ. ಒಳಗೆ ನೀರು ಕುಡಿಯುವ ಹಾಗೂ ಇಲ್ಲ, 100 ದಿರ್ಹಮ್ ದಂಡ. ಹತ್ತುವ ಮುಂಚೆಯೇ ಕುಡಿದುಕೊಳ್ಳಿ.

ನಿಲ್ದಾಣದಲ್ಲಿ ವ್ಯಾಟ್ ವಾಪಸ್ ಕೇಳುವವರು ಬ್ಯಾಗ್ ಕೊಡುವ ಮುಂಚೆ ಆ ಕೌಂಟರಿಗೆ ಹೋಗಬೇಕು, ಸಾಮಾನು ತೋರಿಸಿ ಅನ್ನಬಹುದು. ಅತ್ತರ್, ಖರ್ಜೂರದ ಪಾಕ, ಎಳ್ಳಿನ ತಹೀನಿ ಇವೆಲ್ಲ ದ್ರವದ ಲೆಕ್ಕಕ್ಕೆ ಬರುತ್ತವೆ. 100 ಮಿಲಿಲೀಟರ್ ಮೀರಿದ್ದು ಸೂಟ್‌ಕೇಸಿನಲ್ಲೇ ಹೋಗಲಿ. ಮನೆಯವರಿಗೆ ವಾಟ್ಸ್ಆಪ್ ಕರೆ ಮಾಡಲು ಹೋಗಬೇಡಿ, ಯುಎಇಯಲ್ಲಿ ಅದು ನಡೆಯುವುದಿಲ್ಲ. ಮೆಸೇಜ್, ದನಿ ಸಂದೇಶ ಹೋಗುತ್ತವೆ. ಹೊರಟೆ ಅಂತ ಒಂದು ಸಾಲು ಹಾಕಿ.

ಇಳಿದ ಮೇಲೆ

ಹತ್ತಕ್ಕೆ ಹೊರಟರೆ ಬೆಂಗಳೂರಿನಲ್ಲಿ ಇಳಿಯುವಾಗ ಬೆಳಗಿನ ಜಾವ ಮೂರು ದಾಟಿರುತ್ತದೆ. ಅಂತರರಾಷ್ಟ್ರೀಯ ವಿಮಾನಗಳು ಇಳಿಯುವುದು ಟರ್ಮಿನಲ್ 2ರಲ್ಲಿ. ಹೊರಗೆ ಬಂದರೆ ಸಣ್ಣ ಮಳೆ, 20 ಡಿಗ್ರಿ ಗಾಳಿ. ಮಧ್ಯಾಹ್ನದ 43 ಡಿಗ್ರಿಯಿಂದ ಒಂದೇ ರಾತ್ರಿಗೆ ಇಪ್ಪತ್ತು ಡಿಗ್ರಿಗೂ ಜಾಸ್ತಿ ಇಳಿದಿರುತ್ತೀರಿ. ಒಂದು ತೆಳು ಶಾಲು ಕೈಚೀಲದಲ್ಲಿ ಇರಲಿ. ಅವತ್ತು ಬೆಳಗ್ಗೆ ಒಂಬತ್ತಕ್ಕೆ ಆಫೀಸಿಗೆ ಬರುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡಿ. ಎಳನೀರು ಕುಡಿದು ಮಧ್ಯಾಹ್ನದವರೆಗೆ ಮಲಗಿ.

ಎದ್ದ ಮೇಲೆ ಬ್ಯಾಗ್ ಬಿಚ್ಚುವಾಗ ಮೆಟ್ರೋದ ನೋಲ್ ಕಾರ್ಡ್ ಸಿಗುತ್ತದೆ. ಎಸೆಯಬೇಡಿ. ಸಿಲ್ವರ್ ಕಾರ್ಡ್ ಐದು ವರ್ಷ ನಡೆಯುತ್ತದೆ, ಒಳಗಿನ ದುಡ್ಡೂ ಇರುತ್ತದೆ. ಪಾಸ್‌ಪೋರ್ಟಿನ ಕವರಿನೊಳಗೆ, ಉಳಿದ ಒಂದು ದಿರ್ಹಮ್ ನಾಣ್ಯಗಳ ಜೊತೆ ಇಟ್ಟುಬಿಡಿ. ಮುಂದಿನ ಸಲ ಅಬ್ರಾಕ್ಕೆ ಬೇಕಾಗುತ್ತವೆ.